ಗಿಲಾವು ಬೀಳುವ ಮುನ್ನ

ಹೈದರಾಬಾದಿನಲ್ಲಿ ಹೊಸ ಮನೆ ಕಟ್ಟಿಸುವವರು ದೀಪ, ಫ್ಯಾನು, ಗೀಸರು, ಏಸಿಗಳ ವೈರಿಂಗಿನ ಬಗ್ಗೆ ತಳಪಾಯದ ಹಂತದಿಂದಲೇ ಚರ್ಚಿಸುತ್ತಾರೆ. ಯಾವ ಗೋಡೆಗೆ ಎಷ್ಟು ಪಾಯಿಂಟು, ಯಾವ ಕೋಣೆಗೆ ಎಷ್ಟು ಸ್ವಿಚ್ಚು ಎಂಬುದು ಎಲೆಕ್ಟ್ರಿಷಿಯನ್ನನ ಕೂಲಿಯ ಲೆಕ್ಕದೊಳಗೇ ಸೇರಿರುವುದರಿಂದ ಅದು ಮರೆತುಹೋಗುವ ಸಂಭವವೂ ಕಡಿಮೆ. ಆದರೆ ಇಂಟರ್‌ನೆಟ್, ಸಿಸಿಟಿವಿ, ಡಿಟಿಎಚ್, ವಿಡಿಯೊ ಡೋರ್‌ಬೆಲ್, ನೀರಿನ ಟ್ಯಾಂಕಿನ ಮಟ್ಟ ತಿಳಿಸುವ ಸೆನ್ಸರು ಮುಂತಾದವುಗಳಿಗೆ ಬೇಕಾದ ಸಪೂರ ತಂತಿಗಳ ಮಾತು ಬರುವುದು ಸಾಮಾನ್ಯವಾಗಿ ಬಣ್ಣ ಬಳಿದ ಮೇಲೆ, ಎಷ್ಟೋ ಸಲ ಗೃಹಪ್ರವೇಶದ ಮರುದಿನ. ಆಗ ಉಳಿಯುವ ದಾರಿ ಎಂದರೆ ಹೊಸ ಗೋಡೆಗೆ ಸಾಲಾಗಿ ಬಿಳಿ ಕ್ಲಿಪ್ಪು ಹೊಡೆದು, ಕಿಟಕಿಯ ಚೌಕಟ್ಟಿಗೆ ತೂತು ಕೊರೆದು, ಕೇಬಲ್ಲನ್ನು ಹೊರಗಿನಿಂದ ಒಳಕ್ಕೆ ಎಳೆದುಕೊಳ್ಳುವುದು. ಕೋಕಾಪೇಟ, ನಾರ್ಸಿಂಗಿ, ತೆಲ್ಲಾಪುರಗಳ ಬಹುಮಹಡಿ ಕಟ್ಟಡಗಳಲ್ಲಿ ಈ ಕೆಲಸವನ್ನು ಬಿಲ್ಡರನ ಸಲಹೆಗಾರರು ಒಂದು ಮಟ್ಟಿಗೆ ನೋಡಿಕೊಳ್ಳುತ್ತಾರೆ. ಉಪ್ಪಲ್, ನಾಗೋಲು, ಬೋಡುಪ್ಪಲ್ ಕಡೆಯ 200 ಗಜದ ನಿವೇಶನದಲ್ಲಿ ಸ್ವಂತ ಮನೆ ಎಬ್ಬಿಸುವವರಿಗೆ ಸಲಹೆಗಾರರೂ ಇಲ್ಲ, ನಕ್ಷೆಯೂ ಇಲ್ಲ. (ಬೆಂಗಳೂರಿನವರು 30-40ರ ಸೈಟು ಎನ್ನುವಲ್ಲಿ ಹೈದರಾಬಾದಿನವರು ಚದರ ಗಜದಲ್ಲಿ ಮಾತಾಡುತ್ತಾರೆ, 200 ಗಜವೆಂದರೆ 1800 ಚದರ ಅಡಿ.)

ಈ ತಂತಿಗಳನ್ನು ಒಟ್ಟಾಗಿ ಏನೆಂದು ಕರೆಯಬೇಕು ಎಂಬುದರಲ್ಲೇ ಮೊದಲ ಗೊಂದಲವಿದೆ. ಆಡುಮಾತಿನಲ್ಲಿ ‘ಲೋ ವೋಲ್ಟೇಜ್’ ಎಂದರೆ ಬೇಸಿಗೆಯ ಸಂಜೆ ಬಲ್ಬು ಮಂಕಾಗಿ ಫ್ಯಾನು ನಿಧಾನವಾಗುವುದು, ಅಂದರೆ ಸ್ಟೆಬಿಲೈಸರು ಕೊಳ್ಳಬೇಕಾದ ಕಾಲ ಬಂತೆಂದು. ವಿದ್ಯುತ್ ಇಲಾಖೆಯ ಭಾಷೆಯಲ್ಲಿ ‘ಎಲ್‌ಟಿ’ ಎಂದರೆ ಮನೆಗೆ ಬರುವ 230 ವೋಲ್ಟಿನ ಅಥವಾ ಮೂರು ಫೇಸಿನ 400 ವೋಲ್ಟಿನ ಸರಬರಾಜೇ ಆಗಿದ್ದು, 1956ರ ಭಾರತೀಯ ವಿದ್ಯುತ್ ನಿಯಮಗಳು 250 ವೋಲ್ಟಿನವರೆಗಿನದನ್ನು ‘ಲೋ’ ಎಂದೇ ವರ್ಗೀಕರಿಸಿದ್ದವು. ಮುಟ್ಟಿದರೆ ಪ್ರಾಣ ತೆಗೆಯಬಲ್ಲ ಕರೆಂಟಿಗೆ ‘ಕಡಿಮೆ’ ಎಂಬ ವಿಶೇಷಣ ಹೊಂದುವುದು ಕಾನೂನಿನ ಪುಸ್ತಕದಲ್ಲಿ ಮಾತ್ರ. ಇಲ್ಲಿ ಹೇಳಹೊರಟಿರುವುದು ಅದಕ್ಕಿಂತ ಬಹಳ ಕೆಳಗಿನ ಪದರವನ್ನು: ಪರ್ಯಾಯ ವಿದ್ಯುತ್ತಾದರೆ 50 ವೋಲ್ಟು, ನೇರ ವಿದ್ಯುತ್ತಾದರೆ 120 ವೋಲ್ಟು ಮೀರದ, ಎಂಜಿನಿಯರುಗಳು ‘ಇಎಲ್‌ವಿ’ ಎಂದು ಕರೆಯುವ ವರ್ಗವನ್ನು. ಕ್ಯಾಮೆರಾಕ್ಕೆ 12 ವೋಲ್ಟು, ಡಿಟಿಎಚ್ ಬುಟ್ಟಿಯ ಮೂತಿಗೆ 13 ಅಥವಾ 18 ವೋಲ್ಟು, ಹಳೆಯ ಟೆಲಿಫೋನಿಗೆ 48 ವೋಲ್ಟು ಸಾಕಾಗುತ್ತದೆ. ಈ ತಂತಿಗಳು ಶಕ್ತಿಗಿಂತ ಹೆಚ್ಚಾಗಿ ಸುದ್ದಿಯನ್ನು ಸಾಗಿಸುವುದರಿಂದ ಇವುಗಳ ಕಷ್ಟಸುಖಗಳೂ ಬೇರೆ.

ಅಮೆರಿಕದಲ್ಲಿ ಮನೆಯ ಗೋಡೆ ಎಂದರೆ ಮರದ ಕಂಬಗಳ ಸಾಲಿಗೆ ಎರಡೂ ಕಡೆ ಜಿಪ್ಸಂ ಹಲಗೆ ಬಡಿದದ್ದು; ಹಲಗೆ ಬಡಿಯುವ ಹಿಂದಿನ ದಿನದವರೆಗೂ ಒಳಗಿನ ಟೊಳ್ಳು ತೆರೆದೇ ಇರುವುದರಿಂದ ಅಲ್ಲಿನವರಿಗೆ ತಂತಿ ಎಳೆಯಲು ಇರುವ ಗಡುವು ಒಂದೇ. ಹೈದರಾಬಾದಿನಲ್ಲಾಗಲಿ ಕರ್ನಾಟಕದಲ್ಲಾಗಲಿ ಗೋಡೆಗೆ ಟೊಳ್ಳೇ ಇಲ್ಲ. ಇಟ್ಟಿಗೆ, ಸಿಮೆಂಟ್ ಬ್ಲಾಕು ಅಥವಾ ಗಟ್ಟಿ ಕಾಂಕ್ರೀಟು. ಆದ್ದರಿಂದ ಇಲ್ಲಿ ಗಡುವುಗಳು ಮೂರು: ಸ್ಲ್ಯಾಬಿಗೆ ಕಾಂಕ್ರೀಟು ಸುರಿಯುವ ಮುನ್ನ ಒಂದು, ಗೋಡೆಗೆ ಗಾರೆ, ಅಂದರೆ ಬೀದರ, ಕಲಬುರಗಿಯ ಕಡೆಯವರು ಗಿಲಾವು ಎನ್ನುವುದು, ಬೀಳುವ ಮುನ್ನ ಇನ್ನೊಂದು, ಫಾಲ್ಸ್ ಸೀಲಿಂಗು ಮುಚ್ಚುವ ಮುನ್ನ ಮತ್ತೊಂದು. ಕಾಚಿಗುಡ, ಸುಲ್ತಾನ್ ಬಜಾರುಗಳ ಹಳೆಯ ಮನೆಗಳಲ್ಲಿ ಈ ಸಮಸ್ಯೆಯೇ ಇರಲಿಲ್ಲ. ತೇಗದ ಪಟ್ಟಿಯ ಮೇಲೆ ಕ್ಲಿಪ್ಪು ಬಡಿದು ಗೋಡೆಯ ಹೊರಮೈಯಲ್ಲೇ ತಂತಿ ಹಾಯಿಸುತ್ತಿದ್ದ ಆ ಕಾಲದಲ್ಲಿ ಹೊಸ ತಂತಿ ಬೇಕಾದರೆ ಹಳೆಯದರ ಪಕ್ಕದಲ್ಲಿ ಹೊಡೆದರಾಯಿತು. ತಂತಿ ಕಣ್ಣಿಗೆ ಬೀಳಬಾರದು ಎಂಬ ಆಸೆಯೇ ಇಂದಿನ ಮನೆಗಳಿಗೆ ಗಡುವುಗಳನ್ನು ತಂದುಕೊಟ್ಟಿದೆ.

ಮೂರು ಗಡುವುಗಳಲ್ಲಿ ಕ್ಷಮೆಯಿಲ್ಲದ್ದು ಮೊದಲನೆಯದು. ಸೆಂಟ್ರಿಂಗ್ ಹಲಗೆಯ ಮೇಲೆ ಕಂಬಿ ಕಟ್ಟುವ ಕೆಲಸ ಮುಗಿದು, ಕಾಂಕ್ರೀಟಿನ ಗಾಡಿ ಬರುವುದಕ್ಕೆ ಮುನ್ನ ಸಿಗುವ ಒಂದೆರಡು ದಿನಗಳಲ್ಲಿ ಎಲೆಕ್ಟ್ರಿಷಿಯನ್ನನು ಕೆಳಗಿನ ಮತ್ತು ಮೇಲಿನ ಕಂಬಿಗಳ ನಡುವೆ ಪಿವಿಸಿ ಪೈಪುಗಳನ್ನು ಹಾಯಿಸಿ, ಬೈಂಡಿಂಗ್ ತಂತಿಯಿಂದ ಕಂಬಿಗೆ ಬಿಗಿದು, ಫ್ಯಾನ್ ಬಾಕ್ಸು, ಜಂಕ್ಷನ್ ಬಾಕ್ಸುಗಳ ಬಾಯಿಗೆ ಸಿಮೆಂಟಿನ ಹಾಲು ಇಳಿಯದಂತೆ ಕಾಗದವನ್ನೋ ಥರ್ಮೋಕೋಲನ್ನೋ ತುರುಕುತ್ತಾನೆ. ಕಾಂಕ್ರೀಟು ಸುರಿಯುವ ದಿನ ಹತ್ತಾರು ಆಳು ಆ ಪೈಪುಗಳನ್ನು ತುಳಿದುಕೊಂಡೇ ಓಡಾಡುತ್ತಾರೆ, ವೈಬ್ರೇಟರಿನ ಮೂತಿ ಅವುಗಳಿಗೆ ತಗಲುತ್ತದೆ, ಅಂಟು ಸರಿಯಾಗಿ ಹಿಡಿಯದ ಒಂದು ಕೀಲು ಬಿಚ್ಚಿಕೊಂಡರೆ ಅದರೊಳಗೆ ಸಿಮೆಂಟು ತುಂಬಿ ಆ ದಾರಿ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಅದು ಮುಚ್ಚಿಹೋಗಿದೆಯೆಂದು ತಿಳಿಯುವುದಾದರೂ ತಿಂಗಳುಗಳ ನಂತರ, ತಂತಿ ಎಳೆಯುವ ಸ್ಪ್ರಿಂಗು ಅರ್ಧಕ್ಕೆ ನಿಂತಾಗ. ಹೀಗಾಗಿ ಐಎಸ್ 9537ರ ಗುರುತಿರುವ, ‘ಲೈಟ್’ ಅಲ್ಲದ, ಮೀಡಿಯಂ ಅಥವಾ ಹೆವಿ ದರ್ಜೆಯ ಪೈಪನ್ನೇ ಸ್ಲ್ಯಾಬಿನೊಳಗೆ ಹಾಕಬೇಕು. ಕಾಂಕ್ರೀಟು ಸುರಿದು ಮುಗಿಯುವವರೆಗೂ ಎಲೆಕ್ಟ್ರಿಷಿಯನ್ನನು ಕೈಯಲ್ಲಿ ನಾಲ್ಕು ಬೆಂಡು, ಒಂದು ಡಬ್ಬಿ ಅಂಟು ಹಿಡಿದು ಸ್ಲ್ಯಾಬಿನ ಮೇಲೇ ನಿಂತಿರಬೇಕು. ಆ ಒಂದು ದಿನದ ಕೂಲಿ ಉಳಿಸಲು ಹೋದವರು ಬೇಕಾದಷ್ಟು ಮಂದಿ.

ಗೋಡೆಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿಲ್ಲವೆಂದು ಭಾವಿಸುವುದು ಸುಲಭ, ಏಕೆಂದರೆ ಇಟ್ಟಿಗೆಯ ಗೋಡೆಯನ್ನು ಕಟರಿನಿಂದ ಕೊರೆದು ಪೈಪು ಹೂಳಿ, ಮೇಲೆ ಕೋಳಿ ಜಾಲರಿ ಬಡಿದು ಗಾರೆ ಮಾಡಿದರೆ ಗುರುತೇ ಉಳಿಯುವುದಿಲ್ಲ. ಆದರೆ ಇಟ್ಟಿಗೆ ಗೋಡೆಗಳ ರಚನೆಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 1905ರ ಪ್ರಕಾರ ಲಂಬವಾದ ಕೊರೆತದ ಆಳ ಗೋಡೆಯ ದಪ್ಪದ ಮೂರನೇ ಒಂದನ್ನು, ಅಡ್ಡ ಕೊರೆತದ ಆಳ ಆರನೇ ಒಂದನ್ನು ಮೀರಬಾರದು. ಇದನ್ನು ಮಿಲಿಮೀಟರಿಗೆ ಇಳಿಸಿ ನೋಡಿದರೆ ಅರ್ಥ ಸ್ಪಷ್ಟವಾಗುತ್ತದೆ: ಕೋಣೆ ಕೋಣೆಗಳ ನಡುವಿನ ನಾಲ್ಕೂವರೆ ಅಂಗುಲದ, ಅಂದರೆ ಸುಮಾರು 115 ಮಿಲಿಮೀಟರಿನ ಗೋಡೆಯಲ್ಲಿ ಲಂಬವಾಗಿ 38 ಮಿಲಿಮೀಟರು ಕೊರೆಯಬಹುದು, ಅಡ್ಡಲಾಗಿ 19 ಮಾತ್ರ, 25 ಮಿಲಿಮೀಟರಿನ ಪೈಪು ಅಡ್ಡಲಾಗಿ ಅದರೊಳಗೆ ಹಿಡಿಸುವುದೇ ಇಲ್ಲ. ತೆಳುಗೋಡೆಯಲ್ಲಿ ಟಿವಿಯ ಹಿಂದಿನಿಂದ ಪಕ್ಕದ ಕೋಣೆಗೆ ಅಡ್ಡಡ್ಡ ಕೊರೆದುಕೊಂಡು ಹೋಗುವ ಅಭ್ಯಾಸ ತಪ್ಪೆಂದು ಹೇಳುವುದು ಇದಕ್ಕೇ. ಪೈಪು ಸ್ಲ್ಯಾಬಿನಲ್ಲಿ ಅಡ್ಡ ಚಲಿಸಿ, ಗೋಡೆಯಲ್ಲಿ ನೇರ ಕೆಳಗಿಳಿಯಬೇಕು. ಎಂದರೆ ಗೋಡೆಯ ತೀರ್ಮಾನವನ್ನೂ ಸ್ಲ್ಯಾಬಿನ ದಿನಕ್ಕೆ ಮೊದಲೇ ಮಾಡಿರಬೇಕು. ಹೈದರಾಬಾದಿನ ಎತ್ತರದ ಕಟ್ಟಡಗಳಲ್ಲಿ ಈಗ ವ್ಯಾಪಕವಾಗಿರುವ, ಅಲ್ಯೂಮಿನಿಯಂ ಅಚ್ಚಿನೊಳಗೆ ಗೋಡೆ ಮತ್ತು ಸ್ಲ್ಯಾಬನ್ನು ಒಟ್ಟಿಗೆ ಎರಕ ಹೊಯ್ಯುವ ಮೈವಾನ್ ಪದ್ಧತಿಯಲ್ಲಂತೂ ಗೋಡೆಯೇ ಕಬ್ಬಿಣ ತುಂಬಿದ ಕಾಂಕ್ರೀಟು. ಅದನ್ನು ಆಮೇಲೆ ಕೊರೆಯುವುದು ಕಟ್ಟಡದ ಭಾರ ಹೊರುವ ಅಂಗವನ್ನು ಕೊರೆದಂತೆ. ಅಂಥ ಫ್ಲ್ಯಾಟ್ ಕೊಳ್ಳುವವರಿಗೆ ಗೋಡೆಯ ಹಂತದಲ್ಲಿ ಹೇಳಲು ಏನೂ ಉಳಿದಿರುವುದಿಲ್ಲ. ಮೂರನೆಯ ಗಡುವಾದ ಫಾಲ್ಸ್ ಸೀಲಿಂಗೇ ಅವರ ಪಾಲಿನ ಅವಕಾಶ.

ಇಷ್ಟೆಲ್ಲದರಿಂದ ಹೊರಡುವ ತೀರ್ಮಾನವೆಂದರೆ, ಇಲ್ಲಿನ ಮನೆಗೆ ಮೊದಲು ಯೋಜಿಸಬೇಕಾದದ್ದು ತಂತಿಯನ್ನಲ್ಲ, ತಂತಿಯ ದಾರಿಯನ್ನು. ತಂತಿಯ ಜಾತಿ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ. ಪೈಪು ಮನೆಯ ಆಯುಷ್ಯದಷ್ಟು ಕಾಲ ಇರುತ್ತದೆ. ಟೆಲಿಫೋನಿನ ಜೋಡಿ ತಂತಿ ಹಾಕಿಸಿದವರ ಮನೆಗಳಲ್ಲಿ ಅದೇ ಪೈಪಿನಿಂದ ಹಳೆಯದನ್ನು ಎಳೆದು ಹೊಸದನ್ನು ತೂರಿಸಲು ಸಾಧ್ಯವಾದದ್ದು ಪೈಪು ಇದ್ದುದರಿಂದಲೇ. ತಂತಿಯನ್ನು ಬರಿಗಾರೆಯಲ್ಲಿ ಹೂತವರಿಗೆ ಆ ಭಾಗ್ಯವಿರಲಿಲ್ಲ. ಆರು ಮಿಲಿಮೀಟರು ದಪ್ಪದ ನೆಟ್‌ವರ್ಕ್ ಕೇಬಲ್ಲುಗಳನ್ನು ಪೈಪಿನ ಒಳವಿಸ್ತಾರದ ಶೇಕಡಾ 40ಕ್ಕಿಂತ ಹೆಚ್ಚು ತುಂಬಬಾರದೆಂಬ ರೂಢಿಯ ಲೆಕ್ಕ ಹಿಡಿದರೆ 20 ಮಿಲಿಮೀಟರಿನ ಪೈಪಿಗೆ ಎರಡು, 25ರದಕ್ಕೆ ನಾಲ್ಕು ಕೇಬಲ್ಲು ಆರಾಮವಾಗಿ ಹೋಗುತ್ತವೆ. ಎರಡು ಪೆಟ್ಟಿಗೆಗಳ ನಡುವೆ ಎರಡಕ್ಕಿಂತ ಹೆಚ್ಚು ತಿರುವು ಇರಬಾರದು. ಅವೂ ಕಡಿದಾದ ಎಲ್ಬೋ ಆಗಿರದೆ ಅಗಲವಾದ ಬೆಂಡು ಆಗಿರಬೇಕು. ಪ್ರತಿಯೊಂದು ಖಾಲಿ ಪೈಪಿನೊಳಗೂ ಒಂದು ನೈಲಾನ್ ದಾರ ಬಿಟ್ಟು ಎರಡೂ ತುದಿ ಮುಚ್ಚಿಟ್ಟರೆ ಮುಂದೆ ಯಾರು ಬಂದರೂ ಎಳೆದುಕೊಳ್ಳಬಹುದು.

ತಂತಿಯ ಆಯ್ಕೆ ಆಮೇಲಿನ ಮಾತು, ಮತ್ತು ಅಷ್ಟೇನೂ ಕಠಿಣವಲ್ಲ. ಎಂಟು ಎಳೆಗಳನ್ನು ನಾಲ್ಕು ಜೋಡಿಯಾಗಿ ಹೊಸೆದಿರುವ ‘ಕ್ಯಾಟ್ 6’ ದರ್ಜೆಯ ಕೇಬಲ್ಲು 100 ಮೀಟರಿನವರೆಗೆ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗವನ್ನೂ, ಮನೆಯೊಳಗಿನ ಕಿರುದೂರಗಳಲ್ಲಿ ಹತ್ತು ಗಿಗಾಬಿಟ್ಟನ್ನೂ ಸಾಗಿಸುತ್ತದೆ. 200 ಗಜದ ಮನೆಯಲ್ಲಿ ಯಾವ ಮೂಲೆಯಿಂದ ಯಾವ ಮೂಲೆಗೂ 100 ಮೀಟರು ಆಗುವುದಿಲ್ಲ. ಎಚ್ಚರ ಬೇಕಾದದ್ದು ಕೊಳ್ಳುವಾಗ. ಕೋಠಿಯ ಗುಜರಾತಿ ಗಲ್ಲಿಯಲ್ಲೋ ಟ್ರೂಪ್ ಬಜಾರಿನಲ್ಲೋ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲೋ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿರುವಂತೆಯೇ, 305 ಮೀಟರಿನ ಪೆಟ್ಟಿಗೆಗಳು ಎರಡು ಬಗೆಯ ಬೆಲೆಗೆ ಸಿಗುತ್ತವೆ. ಅಗ್ಗದ್ದರ ಮೇಲೆ ಸಣ್ಣ ಅಕ್ಷರದಲ್ಲಿ ‘ಸಿಸಿಎ’ ಎಂದಿದ್ದರೆ ಅದು ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟದ್ದು. ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದು ಬಗ್ಗಿಸಿದಲ್ಲಿ ಬೇಗ ಮುರಿಯುತ್ತದೆ, ತಾಮ್ರಕ್ಕಿಂತ ಹೆಚ್ಚು ಪ್ರತಿರೋಧ ಒಡ್ಡಿ ಬಿಸಿಯಾಗುತ್ತದೆ. ಗೋಡೆಯೊಳಗೆ ಹೂಳಲು ಯೋಗ್ಯವಲ್ಲ. ಕೊನೆಯಲ್ಲಿ ಜಾಕಿಗೆ ಕೂರಿಸುವಾಗ ಜೋಡಿಗಳ ಹೊಸೆತವನ್ನು ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚಬಾರದು, ಎರಡೂ ತುದಿಯಲ್ಲಿ ಬಣ್ಣದ ಕ್ರಮ ಒಂದೇ ಇರಬೇಕು, ಎಳೆಯುವಾಗ ಹಗ್ಗ ಜಗ್ಗಾಟದಂತೆ ಬಲ ಹಾಕಬಾರದು. ದೀಪದ ತಂತಿ ಎಳೆದು ರೂಢಿಯಿರುವ ಕೈಗೆ ಈ ನಾಜೂಕು ಸಹಜವಾಗಿ ಬರುವುದಿಲ್ಲ.

ಎಲ್ಲ ಪೈಪುಗಳೂ ಒಂದೇ ಜಾಗಕ್ಕೆ ಬಂದು ಸೇರಬೇಕು. ಆ ಜಾಗದಲ್ಲಿ ಇಂಟರ್‌ನೆಟ್ ಕಂಪನಿಯ ಪೆಟ್ಟಿಗೆ, ಸ್ವಿಚ್ಚು ಎಂದು ಕರೆಯಲಾಗುವ ಹಂಚಿಕೆ ಯಂತ್ರ, ಕ್ಯಾಮೆರಾದ ರೆಕಾರ್ಡರು ಇವು ಒಂದು ಚಿಕ್ಕ ಗೋಡೆಬೀರುವಿನಲ್ಲಿ ಕುಳಿತಿರುತ್ತವೆ. ಮೆಟ್ಟಿಲ ಕೆಳಗಿನ ಜಾಗವನ್ನು ಬಹುಮಂದಿ ಆರಿಸುತ್ತಾರೆ, ಗಾಳಿಯಾಡುವಂತಿದ್ದರೆ ತಪ್ಪೇನಿಲ್ಲ. ವಾಹನ ನಿಲ್ಲಿಸಲು ಬಿಟ್ಟ ಕೆಳಗಿನ ಸ್ಟಿಲ್ಟ್ ಅಂತಸ್ತಿನ ಮೀಟರ್ ಬೋರ್ಡಿನ ಪಕ್ಕದಲ್ಲಿ ಇಡುವುದು ಮಾತ್ರ ಬೇಡ. 2020ರ ಅಕ್ಟೋಬರ್ 13ರ ಮಳೆಯಲ್ಲಿ ಹೈದರಾಬಾದಿನ ಎಷ್ಟು ಸ್ಟಿಲ್ಟುಗಳಲ್ಲಿ ನೀರು ನಿಂತಿತ್ತೆಂಬುದನ್ನು ನಗರ ಇನ್ನೂ ಮರೆತಿಲ್ಲ. ಆ ಬೀರುವಿಗೆ ಇನ್ವರ್ಟರಿನ ಲೈನಿನಿಂದ ಎರಡು ಸಾಕೆಟ್ಟು ಕೊಟ್ಟಿದ್ದರೆ ಕರೆಂಟು ಹೋದಾಗಲೂ ಮನೆಯ ಇಂಟರ್‌ನೆಟ್ ನಿಲ್ಲುವುದಿಲ್ಲ. ಈಗ ಎಲ್ಲವೂ ವೈಫೈ ಆಗಿರುವಾಗ ತಂತಿ ಏಕೆ ಎಂದು ಕೇಳುವವರಿಗೆ ಉತ್ತರ ಅವರ ಮನೆಯ ಗೋಡೆಯಲ್ಲೇ ಇದೆ: ಹೆಚ್ಚು ವೇಗದ 5 ಗಿಗಾಹರ್ಟ್ಸ್ ಅಲೆಗಳು ಇಟ್ಟಿಗೆಯಲ್ಲಿ ಸೊರಗುತ್ತವೆ, ಕಬ್ಬಿಣದ ಕಂಬಿಯ ಸ್ಲ್ಯಾಬು ದಾಟುವಷ್ಟರಲ್ಲಿ ಇನ್ನಷ್ಟು ಸೊರಗುತ್ತವೆ. ಪ್ರತಿ ಅಂತಸ್ತಿನ ನಡುವಣ ಸೀಲಿಂಗಿಗೆ ಒಂದು ಕೇಬಲ್ಲು ತಂದು ಅಲ್ಲೊಂದು ವೈಫೈ ಪೆಟ್ಟಿಗೆ ತೂಗುಹಾಕುವುದೇ ಸರಿಯಾದ ಪರಿಹಾರ. 2003ರಲ್ಲಿ ಮೊದಲು ಮಾನಕವಾದ ‘ಪಿಒಇ’ ಎಂಬ ವ್ಯವಸ್ಥೆಯಲ್ಲಿ ಅದೇ ಕೇಬಲ್ಲು ಸುದ್ದಿಯ ಜೊತೆಗೆ ವಿದ್ಯುತ್ತನ್ನೂ ಒಯ್ಯುವುದರಿಂದ ಅಲ್ಲಿ ಬೇರೆ ಸಾಕೆಟ್ಟೂ ಬೇಡ. ಕ್ಯಾಮೆರಾಗಳಿಗೂ ಇದೇ ಮಾತು. ಸಾರ್ವಜನಿಕರೂ ತಮ್ಮ ಕಾಲೊನಿಗಳಲ್ಲಿ ಕ್ಯಾಮೆರಾ ಹಾಕಿಸಿಕೊಳ್ಳಲೆಂದು ಹೈದರಾಬಾದಿನ ಪೊಲೀಸರು ‘ನೇನು ಸೈತಂ’ ಎಂಬ ಹೆಸರಿನಲ್ಲಿ ಪ್ರಚಾರ ನಡೆಸಿದ ನಗರವಿದು; ಗೇಟು, ಪಾರ್ಕಿಂಗು, ಹಿತ್ತಿಲು, ಮಹಡಿ ಎಂದು ನಾಲ್ಕು ಕಡೆಗಾದರೂ ಪೈಪು ಬಿಟ್ಟಿರುವುದು ಇಲ್ಲಿ ದುಂದಲ್ಲ.

ಬೀದಿಯಿಂದ ಮನೆಯೊಳಕ್ಕೆ ಬರುವ ದಾರಿಯನ್ನು ಎಲ್ಲಕ್ಕಿಂತ ಹೆಚ್ಚು ಮರೆಯುತ್ತಾರೆ. 2025ರ ಆಗಸ್ಟಿನಲ್ಲಿ ರಾಮಂತಾಪುರದ ಜನ್ಮಾಷ್ಟಮಿ ಮೆರವಣಿಗೆಯಲ್ಲಿ ರಥಕ್ಕೆ ವಿದ್ಯುತ್ ಹರಿದು ಐವರು ಸತ್ತ ಬಳಿಕ, ವಿದ್ಯುತ್ ಕಂಬಗಳಲ್ಲಿ ಜೋತುಬಿದ್ದಿದ್ದ ಇಂಟರ್‌ನೆಟ್ ಮತ್ತು ಟಿವಿ ಕೇಬಲ್ಲುಗಳನ್ನು ಕತ್ತರಿಸುವ ಕಾರ್ಯಾಚರಣೆ ನಗರದಾದ್ಯಂತ ನಡೆದು, ಹಲವು ಬಡಾವಣೆಗಳಲ್ಲಿ ಸಂಪರ್ಕ ಕಡಿದು, ವಿಷಯ ತೆಲಂಗಾಣ ಹೈಕೋರ್ಟಿನವರೆಗೂ ಹೋಯಿತು. ಕಂಬದಿಂದ ಬಾಲ್ಕನಿಗೆ ಎಸೆದ ತಂತಿಯ ಕಾಲ ಮುಗಿಯುತ್ತಿದೆ ಎಂಬ ಸೂಚನೆಯನ್ನು ಮನೆ ಕಟ್ಟಿಸುವವರು ಇದರಲ್ಲಿ ಓದಿಕೊಳ್ಳಬೇಕು. ಕಾಂಪೌಂಡಿನ ಹೊರಗಿನಿಂದ ಗೋಡೆಬೀರುವಿನವರೆಗೆ ನೆಲದಡಿಯಲ್ಲಿ ಎರಡು ಅಂಗುಲದ ಒಂದು ಪೈಪು ಹಾಕಿ, ನೀರಿಳಿಯದಂತೆ ಬಾಯಿ ಮುಚ್ಚಿ, ಪಾರ್ಕಿಂಗಿನ ಟೈಲ್ಸು ಬೀಳುವ ಮುನ್ನ ಅದನ್ನು ಮುಗಿಸಿದರೆ ಮುಂದೆ ಕಂಪನಿ ಯಾವುದೇ ಬರಲಿ, ಫೈಬರು ನೆಲದಿಂದಲೇ ಬರುತ್ತದೆ. ಗಾಜಿನ ಎಳೆಯಾದ ಫೈಬರಿಗೆ ಇನ್ನೊಂದು ಗುಣವಿದೆ: ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ತಾಮ್ರದ ತಂತಿ ಹೊತ್ತು ತರುವ ಸಿಡಿಲಿನ ಹೊಡೆತವನ್ನು ಅದು ಒಳಗೆ ತರುವುದಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿ ಸಂಪರ್ಕ ವ್ಯವಸ್ಥೆಗೆಂದೇ ಒಂದು ಪ್ರತ್ಯೇಕ ವಿಭಾಗ ಸೇರಿಸಿತು. ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಆಧಾರದಲ್ಲಿ ದರ್ಜೆ ಕೊಡುವ ನಿಯಮಗಳನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಅಕ್ಟೋಬರಿನಲ್ಲಿ ಹೊರಡಿಸಿತು. ಮೇಸ್ತ್ರಿಯವರೆಗೆ ಅವು ಇಳಿಯಲು ಇನ್ನೂ ಕಾಲ ಬೇಕು.

ಡಿಟಿಎಚ್ ಬೇಡವೆನ್ನುವವರು ಹೆಚ್ಚುತ್ತಿದ್ದರೂ ಮಹಡಿಯಿಂದ ಟಿವಿಯ ಗೋಡೆಗೆ ಒಂದು ಪೈಪು ಇರಲಿ. ಉಪಗ್ರಹಗಳು ಭೂಮಧ್ಯರೇಖೆಯ ಮೇಲಿರುವುದರಿಂದ ಹೈದರಾಬಾದಿನಲ್ಲಿ ಬುಟ್ಟಿ ನೋಡುವುದು ದಕ್ಷಿಣಕ್ಕೋ ಆಗ್ನೇಯಕ್ಕೋ; ಆ ದಿಕ್ಕಿನಲ್ಲಿ ನೀರಿನ ಟ್ಯಾಂಕು ಅಡ್ಡ ಬರದ ಮೂಲೆಗೆ ಪೈಪಿನ ಬಾಯಿ ತೆರೆಯಬೇಕು, ಮಳೆನೀರು ಒಳಗಿಳಿಯದಂತೆ ಕೊಕ್ಕೆಯ ಹಾಗೆ ಕೆಳಮುಖವಾಗಿ ಬಾಗಿಸಬೇಕು.

ಇವೆಲ್ಲಕ್ಕಿಂತ ದಿನಬಳಕೆಗೆ ಹೆಚ್ಚು ಒದಗುವ, ಆದರೆ ಯಾವ ಪಟ್ಟಿಯಲ್ಲೂ ಕಾಣದ ತಂತಿಯೊಂದಿದೆ. ಹೈದರಾಬಾದಿನ ಹಲವು ಬಡಾವಣೆಗಳಿಗೆ ಜಲಮಂಡಳಿಯ ನೀರು ದಿನ ಬಿಟ್ಟು ದಿನ ಬರುತ್ತದೆ. ಅದು ನೆಲದಡಿಯ ಸಂಪಿಗೆ ಬಿದ್ದು, ಅಲ್ಲಿಂದ ಮೋಟರಿನಲ್ಲಿ ಮಹಡಿಯ ಟ್ಯಾಂಕಿಗೆ ಏರಬೇಕು. ಟ್ಯಾಂಕು ತುಂಬಿದ್ದು ತಿಳಿಯುವುದು ಮಹಡಿಯಿಂದ ನೀರು ಬೀದಿಗೆ ಸುರಿದಾಗ, ಸಂಪು ಬರಿದಾದದ್ದು ತಿಳಿಯುವುದು ಮೋಟರು ಒಣಗಿ ಓಡಿ ಸುಟ್ಟಾಗ. ಟ್ಯಾಂಕಿನಲ್ಲೊಂದು, ಸಂಪಿನಲ್ಲೊಂದು ಸೆನ್ಸರು ಇಟ್ಟು ಎರಡರ ತಂತಿಯನ್ನೂ ಮೋಟರಿನ ಸ್ಟಾರ್ಟರ್ ಬೋರ್ಡಿಗೆ ತಂದರೆ, ಸಂಪಿನಲ್ಲಿ ನೀರಿದ್ದು ಟ್ಯಾಂಕಿನಲ್ಲಿ ಇಲ್ಲದಾಗ ಮಾತ್ರ ಮೋಟರು ಓಡುತ್ತದೆ, ಮನೆಯವರು ಮಲಗಿದ್ದರೂ. ಇದಕ್ಕೆ ಬೇಕಾದದ್ದು 12 ವೋಲ್ಟಿನಲ್ಲಿ ಕೆಲಸ ಮಾಡುವ ನಾಲ್ಕೆಳೆಯ ಒಂದು ಸಾದಾ ಕೇಬಲ್ಲು ಮತ್ತು ಮಹಡಿಯಿಂದ ನೆಲದವರೆಗೆ ಅದಕ್ಕೊಂದು ಪೈಪು. 230 ವೋಲ್ಟನ್ನೇ ನೇರವಾಗಿ ಟ್ಯಾಂಕಿನೊಳಗೆ ಇಳಿಬಿಡುವ ಅಗ್ಗದ ತೇಲುಗುಂಡುಗಳೂ ಅಂಗಡಿಯಲ್ಲಿ ಸಿಗುತ್ತವೆ. ಸ್ನಾನದ ನೀರಿನಲ್ಲಿ ಆ ಕರೆಂಟನ್ನು ಮುಳುಗಿಸಿಡುವುದು ಯಾವ ಲೆಕ್ಕದಲ್ಲೂ ಜಾಣತನವಲ್ಲ. ವೈಫೈಯಲ್ಲೇ ಮಟ್ಟ ತಿಳಿಸುವ ಉಪಕರಣಗಳೂ ಬಂದಿವೆಯಾದರೂ ಮಹಡಿಯ ಬಿಸಿಲಿನಲ್ಲಿ ಬ್ಯಾಟರಿ ಬದಲಾಯಿಸುತ್ತಾ ಕೂರುವವರಿಗೆ ಮಾತ್ರ ಅವು ಒಗ್ಗುತ್ತವೆ.

ಒಂದು ನಿಯಮವನ್ನು ಮಾತ್ರ ಎಲ್ಲಿಯೂ ಸಡಿಲಿಸಬಾರದು: ಸಪೂರ ತಂತಿಯೂ 230 ವೋಲ್ಟಿನ ತಂತಿಯೂ ಒಂದೇ ಪೈಪಿನಲ್ಲಿ, ಒಂದೇ ಪೆಟ್ಟಿಗೆಯಲ್ಲಿ ಇರಕೂಡದು. ಜೊತೆಯಾಗಿ ಹೋದರೆ ಸದ್ದು, ಅಡಚಣೆ ಹುಟ್ಟುವುದು ಸಣ್ಣ ತೊಂದರೆ. ಎಲ್ಲೋ ಒಂದು ಕಡೆ ಹೊದಿಕೆ ಸುಲಿದರೆ ಟಿವಿಯ ಕೇಬಲ್ಲಿಗೆ, ಕಂಪ್ಯೂಟರಿನ ಲೋಹದ ಮೈಗೆ ಮನೆಯ ಕರೆಂಟು ಬಂದು ನಿಲ್ಲುವುದು ದೊಡ್ಡದು. ಅಕ್ಕಪಕ್ಕ ಸಾಗುವಲ್ಲಿ ಒಂದು ಅಡಿಯ ಅಂತರ ಇಟ್ಟು, ದಾಟುವಲ್ಲಿ ನೇರ ಅಡ್ಡ ದಾಟಿಸಿ, ಪೈಪಿನ ಬಣ್ಣವನ್ನೇ ಬೇರೆ ಮಾಡಿದರೆ ಮೇಸ್ತ್ರಿಗೂ ಗೊಂದಲವಿರುವುದಿಲ್ಲ. ಇದೇ ಸಂದರ್ಭದಲ್ಲಿ, ಮುಂದೆ ಫೋನಿನಿಂದ ದೀಪ ಹಾಕುವ ಸ್ಮಾರ್ಟ್ ಸ್ವಿಚ್ಚುಗಳ ಯೋಚನೆ ಇರುವವರು ಪ್ರತಿ ಸ್ವಿಚ್ ಬೋರ್ಡಿಗೂ ನ್ಯೂಟ್ರಲ್ ತಂತಿ ತರಿಸಿ, ಆಳವಾದ ಬಾಕ್ಸು ಹಾಕಿಸಿಕೊಳ್ಳಬೇಕು. ಬರೀ ಸ್ವಿಚ್ಚುಗಳಿರುವ ಬೋರ್ಡಿಗೆ ನ್ಯೂಟ್ರಲ್ ಬಿಟ್ಟುಬಿಡುವುದು ಇಲ್ಲಿನ ಹಳೆಯ ಉಳಿತಾಯ.

ಪೈಪು ಹೂತ ಮೇಲೆ, ಗಿಲಾವು ಶುರುವಾಗುವ ಮುಂಜಾನೆ, ಪ್ರತಿ ಗೋಡೆಗೂ ಟೇಪು ಹಿಡಿದು, ನೆಲದಿಂದ ಮತ್ತು ಮೂಲೆಯಿಂದ ಎಷ್ಟು ಅಡಿ ಎಂಬುದು ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದಿಡಬೇಕು; ಪ್ರತಿ ಪೈಪಿನ ಎರಡೂ ತುದಿಗೆ ಒಂದೇ ಸಂಖ್ಯೆ ಬರೆದ ಚೀಟಿ ಅಂಟಿಸಬೇಕು; ಒಂದು ಸ್ಪ್ರಿಂಗನ್ನು ಪ್ರತಿಯೊಂದರಲ್ಲೂ ಈ ತುದಿಯಿಂದ ಆ ತುದಿಗೆ ತೂರಿಸಿ ನೋಡಬೇಕು. ಮುಚ್ಚಿಹೋದ ಪೈಪು ಅಂದು ಸಿಕ್ಕರೆ ಗೋಡೆ ಇನ್ನೂ ಬರಿಮೈಯಲ್ಲಿರುತ್ತದೆ, ಅರ್ಧ ದಿನದ ಕೆಲಸದಲ್ಲಿ ಹೊಸ ದಾರಿ ಮಾಡಿಕೊಳ್ಳಬಹುದು. ಎಲೆಕ್ಟ್ರಿಷಿಯನ್ನನ ಆ ಹಂತದ ಹಣವನ್ನು ಸ್ಪ್ರಿಂಗು ಆಚೆ ತುದಿಯಲ್ಲಿ ಹೊರಬಂದದ್ದನ್ನು ಕಂಡ ಮೇಲೆಯೇ ಕೊಡುವುದು ಒಳ್ಳೆಯದು.